ಸೇತುವೆಯ ಕೆಳಗಣ ಗೋಡೆ ಯಾರದು?

ಮನೆಯಿಂದ ಪಾಠಶಾಲೆಗೂ ಪಾಠಶಾಲೆಯಿಂದ ಮನೆಗೂ ನಡೆದು ಬರುವ ಬಾಲಿಕೆಯರಿಗೆ ದಾರಿಯೂ ಒಂದು ಗುರುವೆಂಬುದನ್ನು ತಾಯಿತಂದೆಗಳು ಬಲ್ಲರು. ಶುಚಿಯಾದ ಬೀದಿಯು ಶುಚಿತ್ವವನ್ನು ಕಲಿಸುತ್ತದೆ. ಹೊಲಸಾದ ಬೀದಿಯು ಮೂಗು ಮುಚ್ಚಿಕೊಂಡು ಬೇಗನೆ ದಾಟಿಹೋಗುವುದನ್ನು ಮಾತ್ರ ಕಲಿಸುತ್ತದೆ. ನಮ್ಮ ಪಟ್ಟಣಗಳಲ್ಲಿ ರೈಲುದಾರಿಯ ಕೆಳಗೂ ಹೆದ್ದಾರಿಯ ಕೆಳಗೂ ತೋಡಿರುವ, ಜನರು ಅಂಡರ್‌ಪಾಸ್ ಎಂದು ಕರೆಯುವ ದಾರಿಗಳಲ್ಲಿ ಅನೇಕವು ಈ ಎರಡನೆಯ ಬಗೆಯ ಗುರುಗಳೇ ಆಗಿವೆ. ಹಗಲಿನಲ್ಲಿಯೂ ಮಬ್ಬುಗತ್ತಲೆ; ಗೋಡೆಗಳ ಮೇಲೆ ಎಲೆಯಡಿಕೆಯ ಉಗುಳು ಮತ್ತು ಹರಿದ ಜಾಹೀರಾತುಗಳು. ಹೆಣ್ಣುಮಕ್ಕಳು ತಲೆ ತಗ್ಗಿಸಿ, ಪುಸ್ತಕದ ಚೀಲವನ್ನು ಎದೆಗವಚಿಕೊಂಡು ಅಲ್ಲಿಂದ ಓಡುವಂತೆ ನಡೆಯುವುದನ್ನು ನಾವೆಲ್ಲರೂ ಕಂಡಿದ್ದೇವೆ.

ಇಂತಹ ಸ್ಥಳಗಳಲ್ಲಿ ಚಿತ್ರಗಳನ್ನು ಬರೆಯಿಸಿ ಅಂದಗೊಳಿಸಬೇಕೆಂಬ ಮಾತು ಈಚೆಗೆ ಅನೇಕ ಊರುಗಳಲ್ಲಿ ಕೇಳಿಬರುತ್ತಿದೆ. ಬೆಂಗಳೂರಿನಲ್ಲಿ ೨೦೦೯ನೆಯ ಇಸವಿಯಲ್ಲಿಯೇ ನಗರಪಾಲಿಕೆಯವರು ಸಿನಿಮಾ ಫಲಕಗಳನ್ನು ಬರೆಯುತ್ತಿದ್ದ ಕಲಾವಿದರಿಂದ ರಸ್ತೆಬದಿಯ ಗೋಡೆಗಳ ಮೇಲೆ ಚಿತ್ರಗಳನ್ನು ಬರೆಯಿಸಿದ್ದರು. ಕೆಲಸವಿಲ್ಲದೆ ಕುಳಿತವರಿಗೆ ಕೆಲಸ ದೊರೆತದ್ದು ಒಳ್ಳೆಯದೇ. ಆದರೆ ಚಿತ್ರ ಬರೆಯುವುದಕ್ಕೆ ಮುಂಚೆ ಕೇಳಬೇಕಾದ ಪ್ರಶ್ನೆಯೊಂದುಂಟು: ಈ ಗೋಡೆ ಯಾರದು? ದಿನವೂ ಅದರ ಪಕ್ಕದಲ್ಲಿ ನಡೆಯುವವರದೋ, ಮೋಟಾರಿನಲ್ಲಿ ಕುಳಿತು ಕ್ಷಣಮಾತ್ರದಲ್ಲಿ ದಾಟಿಹೋಗುವವರದೋ?

ಈ ಪ್ರಶ್ನೆಗೆ ಅಮೆರಿಕದ ಒಂದು ಪಟ್ಟಣದವರು ಕೊಟ್ಟ ಉತ್ತರವನ್ನು ನಮ್ಮ ವಾಚಕರ ಮುಂದಿಡಲು ಇಚ್ಛಿಸುತ್ತೇವೆ. ಕ್ಯಾಲಿಫೋರ್ನಿಯಾ ಸಂಸ್ಥಾನದ ಸ್ಯಾನ್ ಡಿಯೇಗೊ ನಗರದಲ್ಲಿ ಬಾರಿಯೊ ಲೋಗನ್ ಎಂಬ ಕೇರಿಯಿದೆ. ಅಲ್ಲಿ ವಾಸಿಸುತ್ತಿದ್ದವರು ಬಹುಮಟ್ಟಿಗೆ ಮೆಕ್ಸಿಕೋ ಮೂಲದ ಶ್ರಮಜೀವಿಗಳು. ೧೯೬೩ರಲ್ಲಿ ಹೆದ್ದಾರಿಯೊಂದು ಆ ಕೇರಿಯನ್ನು ಎರಡಾಗಿ ಸೀಳಿತು. ೧೯೬೯ರಲ್ಲಿ ಕೊರೊನಾಡೊ ಸೇತುವೆಯು ತೆರೆಯಲ್ಪಟ್ಟಾಗ, ಅದಕ್ಕೆ ಹತ್ತುವ ದಾರಿಗಳನ್ನು ಹೊತ್ತ ಕಾಂಕ್ರೀಟಿನ ಕಂಬಗಳು ಮನೆಗಳಿದ್ದ ಜಾಗದಲ್ಲಿಯೇ ಎದ್ದು ನಿಂತವು. ಕಂಬಗಳ ನಡುವಣ ನೆಲವನ್ನು ಮಕ್ಕಳು ಆಡುವ ತೋಟವನ್ನಾಗಿ ಮಾಡಿಕೊಡಬೇಕೆಂಬುದು ಜನರ ಬೇಡಿಕೆಯಾಗಿತ್ತು. ಅಧಿಕಾರಿಗಳಿಂದ ಭರವಸೆಯೂ ದೊರೆತಿತ್ತು.

ಹೀಗಿರಲು, ೧೯೭೦ನೆಯ ಏಪ್ರಿಲ್ ೨೨ರಂದು ಆ ನೆಲವನ್ನು ಸಮತಟ್ಟು ಮಾಡುವ ಯಂತ್ರಗಳು ಬಂದು ನಿಂತವು. ವಿಚಾರಿಸಿದಾಗ, ಅಲ್ಲಿ ಕಟ್ಟಲ್ಪಡುವುದು ತೋಟವಲ್ಲ, ಹೆದ್ದಾರಿ ಪೊಲೀಸರ ಠಾಣೆಯೆಂದು ತಿಳಿದುಬಂದಿತು. ಸುದ್ದಿಯು ಮನೆಮನೆಗೂ ಹರಡಿತು. ವಿದ್ಯಾರ್ಥಿಗಳೂ ಗೃಹಿಣಿಯರೂ ಮಕ್ಕಳೂ ಮುದುಕರೂ ಬಂದು ಯಂತ್ರಗಳಿಗೆ ಅಡ್ಡಲಾಗಿ ನಿಂತರು. ಹನ್ನೆರಡು ದಿನಗಳ ಕಾಲ ಅವರು ಆ ಸ್ಥಳವನ್ನು ಬಿಟ್ಟು ಕದಲಲಿಲ್ಲ. ಸುಮ್ಮನೆ ಕುಳಿತಿರಲೂ ಇಲ್ಲ. ನೆಲವನ್ನು ಅಗೆದು ಗಿಡಗಳನ್ನು ನೆಟ್ಟರು. ಕಡೆಗೆ ಸರಕಾರವು ಒಪ್ಪಿತು. ಅದೇ ಇಂದಿನ ಚಿಕಾನೊ ಪಾರ್ಕು.

ಚಿತ್ರಗಳು ಬಂದದ್ದು ಆಮೇಲೆ. ಆ ಕೇರಿಯಲ್ಲಿಯೇ ಬೆಳೆದ ಸಾಲ್ವಡಾರ್ ಟೊರೆಸ್ ಎಂಬ ಕಲಾವಿದರು ಬೂದುಬಣ್ಣದ ಆ ಕಂಬಗಳಲ್ಲಿ ಚಿತ್ರಶಾಲೆಯನ್ನು ಕಂಡರು. ೧೯೭೩ರಲ್ಲಿ ಕೆಲಸವು ಆರಂಭವಾದಾಗ ಕುಂಚ ಹಿಡಿದವರು ಕಲಾವಿದರು ಮಾತ್ರವಲ್ಲ. ನೆರೆಹೊರೆಯವರೂ ಮಕ್ಕಳೂ ಬಂದು ಬಣ್ಣ ಬಳಿದರು. ೧೯೭೫ರಲ್ಲಿ ಸ್ಯಾಕ್ರಮೆಂಟೊ ನಗರದಿಂದ ಬಂದ ಸ್ತ್ರೀ ಕಲಾವಿದರು ಸ್ತ್ರೀಶಕ್ತಿಯನ್ನೇ ವಿಷಯವನ್ನಾಗಿ ಮಾಡಿಕೊಂಡು ಚಿತ್ರ ಬರೆದರು. ಇಂದು ಅಲ್ಲಿ ೭೦ಕ್ಕೂ ಹೆಚ್ಚು ಭಿತ್ತಿಚಿತ್ರಗಳಿವೆ. ೨೦೧೬ರಲ್ಲಿ ಆ ದೇಶದ ಸರಕಾರವು ಆ ಸ್ಥಳಕ್ಕೆ ರಾಷ್ಟ್ರೀಯ ಐತಿಹಾಸಿಕ ಸ್ಮಾರಕವೆಂಬ ಗೌರವವನ್ನಿತ್ತಿತು. ಪೊಲೀಸ್ ಠಾಣೆಗೆಂದು ಗುರುತು ಮಾಡಿದ್ದ ನೆಲವು ಜನರ ಚರಿತ್ರೆಯ ಪುಸ್ತಕವಾಯಿತು!

ಈ ವೃತ್ತಾಂತದಿಂದ ನಾವು ಮೂರು ಪಾಠಗಳನ್ನು ಕಲಿಯಬಹುದೆಂದು ತೋರುತ್ತದೆ.

ಮೊದಲನೆಯದು, ಕ್ರಮ. ಅವರು ಮೊದಲು ಕೇಳಿದ್ದು ಬಣ್ಣವನ್ನಲ್ಲ, ಮಕ್ಕಳಿಗೆ ನೆಲವನ್ನು. ನಮ್ಮಲ್ಲಿಯೂ ಬಣ್ಣದ ಮಾತು ಎರಡನೆಯದಾಗಿರಬೇಕು. ೨೦೨೩ರ ಮೇ ತಿಂಗಳಲ್ಲಿ ಬೆಂಗಳೂರಿನ ಕೆ. ಆರ್. ವೃತ್ತದ ಅಂಡರ್‌ಪಾಸಿನಲ್ಲಿ ಮಳೆಯ ನೀರು ತುಂಬಿ, ಕಾರೊಂದು ಮುಳುಗಿ, ಯುವತಿಯೊಬ್ಬಳು ಪ್ರಾಣ ಕಳೆದುಕೊಂಡದ್ದನ್ನು ಮರೆಯಬಹುದೇ? ನೀರು ಹರಿದುಹೋಗಲು ಚರಂಡಿ, ಕತ್ತಲೆ ನೀಗಲು ದೀಪ, ನಡೆಯುವವರಿಗೆ ಕಟ್ಟೆ ಇವು ಮೊದಲು. ನವಿಲು ಮತ್ತು ಕಮಲಗಳು ಅನಂತರ. ಸೋರುವ ಗೋಡೆಯ ಮೇಲಣ ಚಿತ್ರವು ಸುಣ್ಣ ಬಳಿದ ಸುಳ್ಳು.

ಎರಡನೆಯದು, ಕೈ. ಲಾಸ್ ಏಂಜಲಿಸ್ ನಗರದಲ್ಲಿ ಜೂಡಿ ಬಾಕಾ ಎಂಬ ಮಹಿಳೆಯು ೧೯೭೬ರಿಂದ ಮೊದಲ್ಗೊಂಡು ನೆರೆನೀರಿನ ಕಾಲುವೆಯೊಂದರ ಗೋಡೆಯ ಮೇಲೆ ಸುಮಾರು ಅರ್ಧ ಮೈಲಿ ಉದ್ದದ ಚರಿತ್ರೆಯನ್ನು ಬರೆಯಿಸಿದರು. ಅದರಲ್ಲಿ ದುಡಿದವರು ೪೦೦ಕ್ಕೂ ಹೆಚ್ಚು ಮಂದಿ ತರುಣ ತರುಣಿಯರು; ನ್ಯಾಯಾಲಯದ ಮೆಟ್ಟಿಲು ಹತ್ತಿಬಂದ ಹುಡುಗರೂ ಅವರಲ್ಲಿದ್ದರು. ತಾನೇ ಬರೆದ ಗೋಡೆಯ ಮೇಲೆ ಉಗುಳಲು ಯಾವ ಹುಡುಗನಿಗೆ ಮನಸ್ಸು ಬಂದೀತು? ಈ ವಿದ್ಯೆ ನಮಗೂ ಹೊಸದಲ್ಲ. ಮಲೆನಾಡಿನ ದೀವರ ಹೆಂಗಸರು ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಯ ಹಿಟ್ಟಿನಿಂದ ಹಸೆ ಚಿತ್ತಾರವನ್ನು ಬರೆಯುತ್ತ ಬಂದಿದ್ದಾರೆ. ಗೋಡೆಗೆ ಜೀವ ತುಂಬುವ ವಿದ್ಯೆಯು ನಮ್ಮ ನಾಡಿನಲ್ಲಿ ಹೆಂಗಸರ ಕೈಯಲ್ಲಿಯೇ ಬೆಳೆದಿರುವಾಗ, ಬೀದಿಯ ಗೋಡೆಯ ವಿಚಾರ ಬಂದಾಗ ಮಾತ್ರ ಅವರನ್ನು ಕೇಳದಿರುವುದು ನ್ಯಾಯವೇ?

ಮೂರನೆಯದು, ಪಾಲನೆ. ಬಿಸಿಲಿಗೆ ಬಣ್ಣ ಮಾಸುತ್ತದೆ, ಒರತೆಗೆ ಹೊಪ್ಪಳಿಸುತ್ತದೆ. ಸ್ಯಾನ್ ಡಿಯೇಗೊದಲ್ಲಿ ೧೯೭೦ರಿಂದಲೂ ಜನರದೇ ಆದ ಒಂದು ಸಮಿತಿಯು ಆ ಸ್ಥಳದ ಮೇಲ್ವಿಚಾರಣೆ ನಡೆಸುತ್ತಿದೆ. ೨೦೧೨ರ ಸುಮಾರಿಗೆ ಹಳೆಯ ಚಿತ್ರಗಳನ್ನು ತಿದ್ದಿ ಹೊಸದು ಮಾಡಿದಾಗ, ಅವುಗಳನ್ನು ಮೊದಲು ಬರೆದವರಲ್ಲಿ ಹಲವರು ತಲೆ ನರೆತವರಾಗಿ ಮತ್ತೆ ಕುಂಚ ಹಿಡಿದರು. ಉದ್ಘಾಟನೆಯ ದಿನ ಹಾರ ಹಾಕಿಸಿಕೊಂಡು ಮರುವರ್ಷ ಮರೆತುಬಿಡುವ ನಮ್ಮ ಪದ್ಧತಿಗೆ ಇದು ಒಳ್ಳೆಯ ಮದ್ದು.

ಇದಕ್ಕೆ ಆಕ್ಷೇಪಣೆಗಳಿಲ್ಲದಿಲ್ಲ. ಹತ್ತು ಜನರನ್ನು ಕೇಳಿದರೆ ಹನ್ನೊಂದು ಅಭಿಪ್ರಾಯಗಳು ಹೊರಡುತ್ತವೆ, ಕೆಲಸ ಸಾಗುವುದಿಲ್ಲವೆಂದು ಕೆಲವರು ಹೇಳುವರು. ಅದು ದಿಟವೇ. ಒಬ್ಬರಿಗೆ ಪ್ರಿಯವಾದ ಚಿತ್ರವು ಇನ್ನೊಬ್ಬರಿಗೆ ನೋವನ್ನುಂಟುಮಾಡುವುದೂ ಉಂಟು. ಆದರೆ ಹಾಗೆ ಕುಳಿತು ವಾದಿಸಿ, ಒಪ್ಪಿ, ಬಿಟ್ಟುಕೊಟ್ಟು ಒಂದು ತೀರ್ಮಾನಕ್ಕೆ ಬರುವುದರಲ್ಲಿಯೇ ನೆರೆಹೊರೆಯು ನೆರೆಹೊರೆಯಾಗುತ್ತದೆ. ತಡವಾಗಿ ಮುಗಿದ ಜನರ ಚಿತ್ರವು, ಬೇಗನೆ ಮುಗಿದ ಗುತ್ತಿಗೆದಾರನ ಚಿತ್ರಕ್ಕಿಂತ ಮೇಲು. ಹೆಣ್ಣುಮಕ್ಕಳು ಬೀದಿಯಲ್ಲಿ ನಿಂತು ಬಣ್ಣ ಬಳಿಯುವುದು ಒಪ್ಪುವುದೇ ಎಂದು ಇನ್ನು ಕೆಲವರು ಕೇಳುವರು. ಆ ಬೀದಿಯಲ್ಲಿ ಅಂಜುತ್ತ ನಡೆಯುವುದು ಒಪ್ಪುವುದಾದರೆ, ಅಂಜದೆ ನಿಲ್ಲುವುದು ಏಕೆ ಒಪ್ಪದು?

ಹಿರಿಯ ವಿದ್ಯಾರ್ಥಿನಿಯರಾದ ಸೋದರಿಯರೇ, ಪೋಷಕರೇ! ನಿಮ್ಮಲ್ಲಿ ಅನೇಕರು ಈಗ ನಾನಾ ಊರುಗಳಲ್ಲಿ ಗೃಹಿಣಿಯರಾಗಿ, ಉಪಾಧ್ಯಾಯಿನಿಯರಾಗಿ, ಅಧಿಕಾರಿಗಳಾಗಿ ನೆಲೆಸಿದ್ದೀರಿ. ನಿಮ್ಮ ಮಕ್ಕಳು ದಿನವೂ ದಾಟುವ ಅಂಡರ್‌ಪಾಸಿನಲ್ಲಿ ಒಂದು ಸಲ ಅವರ ಕೈ ಹಿಡಿದು ನಡೆದುನೋಡಿರಿ. ನೀರೆಲ್ಲಿ ನಿಲ್ಲುತ್ತದೆ, ದೀಪವೆಲ್ಲಿ ಆರಿದೆ, ಮಗುವು ಎಲ್ಲಿ ನಿಮ್ಮ ಕೈಯನ್ನು ಬಿಗಿಯಾಗಿ ಹಿಡಿಯುತ್ತದೆ ಎಂಬುದನ್ನು ಗುರುತು ಮಾಡಿಕೊಳ್ಳಿರಿ. ಅಲ್ಲಿ ಹೂ ಮಾರುವವಳನ್ನೂ ಕಸ ಗುಡಿಸುವವರನ್ನೂ ಮಾತನಾಡಿಸಿರಿ. ತರುವಾಯ ನಾಲ್ವರು ಕೂಡಿ ನಗರಸಭೆಗೆ ಅರ್ಜಿ ಬರೆಯಿರಿ. ಚರಂಡಿಯೂ ದೀಪವೂ ಬಂದ ದಿನ, ಮಕ್ಕಳ ಕೈಗೆ ಕುಂಚವನ್ನು ಕೊಡಿರಿ.

ಆ ಗೋಡೆ ಯಾರದೆಂದು ಆಮೇಲೆ ಯಾರೂ ಕೇಳಬೇಕಾಗಿ ಬರುವುದಿಲ್ಲ.