ಹಳೇ ಮನೆ ರಿಪೇರಿ: ಬಾಗಿಲ ಬಣ್ಣ ಕೆರೆಸುವ ಮುನ್ನ ಸ್ವಲ್ಪ ನಿಲ್ಲಿ

ಮಳೆಗಾಲ ಮುಗಿದರೆ ಮಲೆನಾಡಿನಲ್ಲಿ ರಿಪೇರಿ ಕಾಲ ಶುರು. ತೀರ್ಥಹಳ್ಳಿ, ಸಾಗರ ಕಡೆ ಅಜ್ಜನ ಕಾಲದ ಮನೆಗಳು ಹೋಮ್‌ಸ್ಟೇ ಆಗುತ್ತಿವೆ. ಬಂದವರಿಗೆ ಮರದ ಅಸಲಿ ಬಣ್ಣವೇ ಕಾಣಲಿ ಅಂತ ಕಂಬ, ಬಾಗಿಲು, ಕಿಟಕಿಗಳ ಹಳೇ ಪೇಂಟ್ ಕೆರೆಸುತ್ತಾರೆ. ಆ ಪೇಂಟಿನಲ್ಲಿ ಸೀಸ ಇದೆಯಾ ಅಂತ ಕೇಳುವವರು ಮಾತ್ರ ಕಡಿಮೆ.

ಬಣ್ಣ ಗಾಢವಾಗಿ ಕಾಣಲಿ, ಬೇಗ ಒಣಗಲಿ, ಕಬ್ಬಿಣ ತುಕ್ಕು ಹಿಡಿಯದಿರಲಿ ಅಂತ ಹಿಂದೆ ಸೀಸ ಬೆರೆಸುತ್ತಿದ್ದರು. ಹಳದಿ, ಕೆಂಪು, ಹಸಿರು ಎಣ್ಣೆ ಬಣ್ಣಗಳಲ್ಲಿ ಅದು ಹೆಚ್ಚು. ಗೋಡೆಗೆ ಬಳಿದ ಬರೀ ಸುಣ್ಣಕ್ಕೆ ಈ ಭಯ ಬೇಡ.

ಕಾನೂನು ಎಲ್ಲಿಯವರೆಗೆ?

ಕೇಂದ್ರ ಸರ್ಕಾರ 2016ರಲ್ಲಿ ನಿಯಮ ತಂದಿತು. 2017ರ ನವೆಂಬರ್ 1ರಿಂದ ಮನೆಗೆ ಬಳಿಯುವ ಪೇಂಟಿನಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರುವಂತಿಲ್ಲ. ಆದರೆ ಇದು ಹೊಸ ಡಬ್ಬಿಯ ಮಾತು. ಬಾಗಿಲ ಮೇಲೆ ಆಗಲೇ ಐದಾರು ಪದರ ಕೂತಿರುವ ಬಣ್ಣವನ್ನು ಹೇಗೆ ತೆಗೆಯಬೇಕು ಅಂತ ಈ ನಿಯಮ ಹೇಳುವುದಿಲ್ಲ. ಅಮೆರಿಕದಲ್ಲಿ 1978ಕ್ಕೂ ಹಿಂದಿನ ಮನೆಗಳಲ್ಲಿ ಇಂಥ ಕೆಲಸ ಮಾಡುವ ಗುತ್ತಿಗೆದಾರರಿಗೆ ತರಬೇತಿ, ಪ್ರಮಾಣಪತ್ರ ಕಡ್ಡಾಯ. ನಮ್ಮಲ್ಲಿ ಎಲ್ಲಾ ಮೇಸ್ತ್ರಿಯ ತಿಳಿವಳಿಕೆ ಮೇಲೆ.

ಪೆಟ್ಟು ಯಾರಿಗೆ?

ಬಣ್ಣ ಗಟ್ಟಿಯಾಗಿ ಕೂತಿರುವವರೆಗೆ ಅಪಾಯ ಕಡಿಮೆ. ಒಣದಾಗಿ ಉಜ್ಜಿದಾಗ, ಗ್ರೈಂಡರ್ ಹಾಕಿದಾಗ, ಬೆಂಕಿ ಹಿಡಿದು ಸುಟ್ಟಾಗ ಧೂಳು, ಹೊಗೆ ಮೈಯೊಳಗೆ ಹೋಗುತ್ತೆ. ಮೊದಲ ಪೆಟ್ಟು ದಿನಗೂಲಿ ಪೇಂಟರ್‌ಗೆ, ನಂತರ ಅವರ ಬಟ್ಟೆಗಂಟಿದ ಧೂಳಿನಿಂದ ಮನೆಯ ಮಕ್ಕಳಿಗೆ. ಸೀಸ ಮಕ್ಕಳ ಮೆದುಳಿನ ಬೆಳವಣಿಗೆಗೇ ಏಟು ಕೊಡುತ್ತೆ. ಇಷ್ಟಿದ್ದರೆ ಪರವಾಗಿಲ್ಲ ಅನ್ನುವ ಸುರಕ್ಷಿತ ಮಟ್ಟವೇ ಗೊತ್ತಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ.

ನಮ್ಮ ಕಡೆ ಇನ್ನೊಂದು ದಾರಿಯೂ ಇದೆ. ಕಿತ್ತ ಹಳೇ ಚೌಕಟ್ಟು ಸೀದಾ ಬಚ್ಚಲೊಲೆಗೆ ಹೋಗುತ್ತೆ. ಮರ ಸುಟ್ಟರೂ ಸೀಸ ಸುಡುವುದಿಲ್ಲ, ಬೂದಿಯಲ್ಲೇ ಉಳಿಯುತ್ತೆ. ಅದೇ ಬೂದಿ ಪಾತ್ರೆ ತಿಕ್ಕೋಕೆ, ತರಕಾರಿ ಗಿಡದ ಬುಡಕ್ಕೆ!

ಹಾಗಾದರೆ ಏನು ಮಾಡೋದು?

- ಬಣ್ಣ ಏಳದಿದ್ದರೆ ಕೆರೆಸಬೇಡಿ, ಮೇಲೆಯೇ ಹೊಸ ಕೋಟ್ ಕೊಡಿಸಿ.
- ಕೆರೆಯಲೇಬೇಕಾದರೆ ನೀರು ಚಿಮುಕಿಸಿ ಉಜ್ಜಿಸಿ. ಕೆಳಗೆ ಪ್ಲಾಸ್ಟಿಕ್ ಹಾಸಿ.
- ಕೆಲಸದವರಿಗೆ ಕನಿಷ್ಠ ಎನ್95 ಮಾಸ್ಕ್ ಕೊಡಿ. ಟವೆಲ್ ಕಟ್ಟಿದರೆ ಸಾಲದು.
- ಮಕ್ಕಳು, ಬಸುರಿಯರು ಆ ಕಡೆ ಬಾರದಿರಲಿ.
- ಪೊರಕೆ ಹಿಡಿಯಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಕೆಲಸದ ಬಟ್ಟೆ ಬೇರೆಯಾಗಿ ಒಗೆಯಿರಿ.

ಅಂಗಡಿಯವರಿಗೂ ಒಂದು ಮಾತು. 2016ರ ನಿಯಮ ಮನೆ ಪೇಂಟಿಗೆ ಮಾತ್ರ, ಕೈಗಾರಿಕಾ ಪೇಂಟಿಗಲ್ಲ. ಗ್ರಿಲ್ಲಿಗೆ, ಕಿಟಕಿಗೆ ಅಂತ ಕೇಳಿದ ಗಿರಾಕಿಗೆ ಆ ಡಬ್ಬಿ ಎತ್ತಿಕೊಡಬೇಡಿ. ಮನೆ ಪೇಂಟಿನ ಲೇಬಲ್ ಮೇಲೆ ಸೀಸದ ಪ್ರಮಾಣ ಬರೆದಿರಬೇಕು, ಓದಿ ಕೊಡಿ.

ನೀರು ಹಾಕಿ ಉಜ್ಜಿದರೆ ಕೆಲಸ ನಿಧಾನ, ಕೂಲಿ ಹೆಚ್ಚು, ನಿಜ. ಆ ಖರ್ಚನ್ನು ಮೊದಲೇ ಎಸ್ಟಿಮೇಟ್‌ನಲ್ಲಿ ಸೇರಿಸಿ ಮಾತಾಡಿ. ಇಲ್ಲದಿದ್ದರೆ ಅದನ್ನು ತೆರುವುದು ಪೇಂಟರ್ ಮನೆಯ ಮಗು.