ಕಸ ತೆಗೆಯುವಾಗ ಹೆಸರು ಕೆಡದಿರಲಿ



ಸಂಘದ ಕಂಪ್ಯೂಟರಿನಿಂದ ಸದಸ್ಯರ ಪಟ್ಟಿಯನ್ನು ಹೊರತೆಗೆದಾಗ ಹೆಸರುಗಳೊಡನೆ ಕಣ್ಣಿಗೆ ಕಾಣದ ಚಿಹ್ನೆಗಳೂ ಬರುತ್ತವೆ. ಹೆಸರಿನ ಕೊನೆಗೆ ಒಂದು ಖಾಲಿ ಜಾಗ ಉಳಿದರೂ ಸಾಕು, ಯಂತ್ರಕ್ಕೆ ಅವರು ಬೇರೆಯೇ ಸದಸ್ಯರು. ಲೆಕ್ಕ ತಾಳೆಯಾಗದೆ ಅಡಿಕೆಯ ಹಣ ನಿಂತೀತು. ಆದ್ದರಿಂದ ಪಟ್ಟಿಯನ್ನು ಶುದ್ಧಗೊಳಿಸುವುದು ಅವಶ್ಯ.

ಆದರೆ ಕಾಣದ್ದೆಲ್ಲ ಕಸವಲ್ಲ. ಒತ್ತಕ್ಷರವಾಗದಂತೆ ತಡೆಯುವ ಚಿಹ್ನೆಯೊಂದು ಯೂನಿಕೋಡಿನಲ್ಲಿದೆ. ಅದನ್ನು ಅಳಿಸಿದರೆ ‘ರಾಜ್‌ಕುಮಾರ್’ ಎಂಬುವರು ‘ರಾಜ್ಕುಮಾರ್’ ಆಗಿಬಿಡುತ್ತಾರೆ. ಕಾಫಿಯ ಕಂಬಚಿಗುರು ತೆಗೆಯುವವರು ಫಸಲಿನ ರೆಂಬೆಯನ್ನೂ ಕಡಿಯುವುದುಂಟೆ?

ಮೂಲ ಪಟ್ಟಿಯ ಪ್ರತಿಯೊಂದನ್ನು ತೆಗೆದಿಟ್ಟೇ ಈ ಕೆಲಸಕ್ಕೆ ಕೈಹಚ್ಚಬೇಕು. ಖಾಲಿ ಜಾಗಗಳನ್ನು ಯಂತ್ರವೇ ತೆಗೆಯಲಿ. ಹೆಸರಿನ ನಡುವಣ ಚಿಹ್ನೆಗಳನ್ನು ಮಾತ್ರ ಗುಮಾಸ್ತರು ಒಂದೊಂದಾಗಿ ನೋಡಲಿ. ಬದಲಾದ ಹೆಸರನ್ನು ಆ ಸದಸ್ಯರಿಗೆ ತೋರಿಸಿಯೇ ಹಣ ಬಟವಾಡೆ ಆಗಬೇಕೆಂಬುದು ನಮ್ಮ ಖಚಿತ ಅಭಿಪ್ರಾಯ.