ಪುಸ್ತಕಗಳೇ ಭಾರವಾದ ಗ್ರಂಥಾಲಯ

ಹಳೆಯ ಗ್ರಂಥಾಲಯಗಳ ನವೀಕರಣದ ಮಾತು ಬಂದಾಗಲೆಲ್ಲ ನಮಗೆ ಸುಂದರ ಚಿತ್ರಗಳನ್ನು ತೋರಿಸಲಾಗುತ್ತದೆ. ಪುಸ್ತಕಗಳು ಎಲ್ಲಿಗೆ ಹೋಗುತ್ತವೆ ಎಂದು ಮಾತ್ರ ಯಾರೂ ಹೇಳುವುದಿಲ್ಲ.

ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದಲ್ಲಿ ಆದದ್ದೂ ಇದೇ. 1911ರಲ್ಲಿ ತೆರೆದ ಅದರ ಮುಖ್ಯ ಕಟ್ಟಡದಲ್ಲಿ ವಾಚನಾಲಯದ ಕೆಳಗೆ ಏಳು ಅಂತಸ್ತಿನ ಉಕ್ಕಿನ ಕಪಾಟುಗಳಿವೆ. ಮೇಲಿನ ನೆಲವನ್ನು ಹೊತ್ತು ನಿಂತಿರುವುದೂ ಅವೇ. ಇವನ್ನು ಕಿತ್ತುಹಾಕಿ, ಪುಸ್ತಕಗಳನ್ನು ನ್ಯೂಜೆರ್ಸಿಯ ಗೋದಾಮಿಗೆ ಸಾಗಿಸಿ, ಹತ್ತಿರದ ಶಾಖೆಯ ಕಟ್ಟಡವನ್ನು ಮಾರುವ ಯೋಜನೆ 2008ರಲ್ಲಿ ಹೊರಬಿತ್ತು. ವಾಸ್ತುಶಿಲ್ಪಿ ನಾರ್ಮನ್ ಫಾಸ್ಟರ್ ಅವರ ವಿನ್ಯಾಸ ಜನರ ಮುಂದೆ ಬಂದದ್ದು 2012ರ ಡಿಸೆಂಬರಿನಲ್ಲಿ! ಹಸೆಮಣೆ ಏರಿಸಿದ ಮೇಲೆ ಒಪ್ಪಿಗೆ ಕೇಳಿದ ಹಾಗೆ.

ವಿರೋಧ ಹೆಚ್ಚಿದಾಗ, ಪಕ್ಕದ ಉದ್ಯಾನದ ಅಡಿಯಲ್ಲಿ ಇನ್ನಷ್ಟು ಪುಸ್ತಕಗಳಿಗೆ ಜಾಗ ಮಾಡುವ ಭರವಸೆ ಬಂತು. ಕಪಾಟು ಕೀಳುವ ನಿರ್ಧಾರ ಮಾತ್ರ ಹಾಗೆಯೇ ಉಳಿಯಿತು. ಇದನ್ನು ಮರುಪರಿಶೀಲನೆ ಎನ್ನಬಹುದೇ? ವಿಮರ್ಶಕಿ ಅಡಾ ಲೂಯಿಸ್ ಹಕ್ಸ್‌ಟಬಲ್ ಕಟುವಾಗಿ ಬರೆದರು. ವಿದ್ವಾಂಸರು ನ್ಯಾಯಾಲಯದ ಮೆಟ್ಟಿಲೇರಿದರು. 2014ರ ಮೇ ತಿಂಗಳಲ್ಲಿ ಯೋಜನೆಯನ್ನೇ ಕೈಬಿಡಲಾಯಿತು. ಮಾರಲು ಹೊರಟಿದ್ದ ಶಾಖೆಯೇ ನವೀಕರಣಗೊಂಡು 2021ರಲ್ಲಿ ತೆರೆಯಿತು. ಅಂದರೆ ಬೇರೆ ದಾರಿ ಇತ್ತು.

ಓದುಗರು ಬದಲಾವಣೆಯ ಶತ್ರುಗಳಲ್ಲ. ನಮ್ಮ ಬೇಡಿಕೆ ಇಷ್ಟೇ: ಸಾರ್ವಜನಿಕರ ಆಸ್ತಿಯ ನಕ್ಷೆ ಮೊದಲು ಸಾರ್ವಜನಿಕರ ಮುಂದೆ ಬರಲಿ, ನಿರ್ಧಾರ ಆಮೇಲಾಗಲಿ.